ನಕ್ಷೆಯಲ್ಲಿದ್ದ ಬಾವಿ

ಬುಧವಾರ ಬೆಳಿಗ್ಗೆ ಏಳೂಕಾಲಿಗೆ ಮಳವಳ್ಳಿ ಗ್ರಾಮಾಂತರ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹನಕೆರೆಯಿಂದ ಮೊದಲ ಬಸ್ಸಿಗೆ ಮಂಡ್ಯ ಸೇರಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಂದವಳು. ಚಪ್ಪಲಿ ಎಲ್ಲಿ ಬಿಟ್ಟೆ ಅನ್ನುವುದು ಅವಳಿಗೇ ತಿಳಿದಿರಲಿಲ್ಲ. ಹೆಸರು ಪಟ್ಟಲಮ್ಮ. ಅವಳ ಹಿಂದೆ ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವಚಿಕೊಂಡು ಒಬ್ಬ ಯುವಕ ನಿಂತಿದ್ದ.

ಪಿಎಸ್‌ಐ ಕವಿತ ಠಾಣಾ ದಿನಚರಿಗೆ ಸಹಿ ಹಾಕಿ ಚಹಾದ ಲೋಟಕ್ಕೆ ಕೈ ಚಾಚಿದ್ದಳು. ಪಟ್ಟಲಮ್ಮನ ಮುಖ ನೋಡಿ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ನನ್ ಮಗ್ಳು ನೆನ್ನೆಯಿಂದ ಮನೇಗ್ ಬಂದಿಲ್ಲ ಕಣವ್ವ."

"ಹೆಸರು?"

"ಮಂಜುಶ್ರೀ. ಇಪ್ಪತ್ನಾಕು ತುಂಬದೆ."

"ಏನು ಕೆಲಸ?"

"ಅದೇ, ಫೋನಲ್ಲಿ ಬಾವಿ ಗುರ್ತು ಮಾಡೋದು." ಪಟ್ಟಲಮ್ಮ ಯುವಕನ ಕಡೆ ತಿರುಗಿದಳು. "ನೀನೇ ಯೋಳಪ್ಪ, ನಂಗೆ ಬರಾಕಿಲ್ಲ."

ಯುವಕನ ಹೆಸರು ಸ್ವರೂಪ್, ಮಂಜುಶ್ರೀಯ ಸಹೋದ್ಯೋಗಿ. ಇಬ್ಬರೂ ಒಂದು ಖಾಸಗಿ ಸರ್ವೆ ಸಂಸ್ಥೆಯಲ್ಲಿದ್ದರು. ತಾಲ್ಲೂಕಿನ ಹಳೆಯ ತೆರೆದ ಬಾವಿಗಳನ್ನೆಲ್ಲ ಹುಡುಕಿ, ಕೆಲಸಕ್ಕೆ ಬರುವಂಥವನ್ನು ಹೂಳೆತ್ತಿಸಿ, ಮಳೆನೀರು ಇಂಗಿಸುವ ಯೋಜನೆ. ಹಳೆಯ ಸರ್ವೆ ನಕ್ಷೆ ಮೊಬೈಲ್ ಪರದೆಯ ಮೇಲೇ ಬರುತ್ತದೆ. ಅದರಲ್ಲಿ ಬಾವಿಯಿದ್ದ ಕಡೆಗೆಲ್ಲ ನಡೆದು ಹೋಗಿ, ಪಕ್ಕದಲ್ಲಿ ನಿಂತು ಗುರುತು ಹಾಕಬೇಕು. ನೀರಿದೆಯೋ, ಬತ್ತಿದೆಯೋ, ಮುಚ್ಚಿದ್ದಾರೋ ಬರೆಯಬೇಕು, ಫೋಟೊ ತೆಗೆಯಬೇಕು. ಮಂಗಳವಾರ ಮಂಜುಶ್ರೀ ಪಾಲಿಗೆ ಬಂದದ್ದು ಬಂಡೂರಿನ ಆಚೆಗಿರುವ ಹುಣಸೆಕೊಪ್ಪಲು.

"ಮನೇಲಿ ಜಗಳ? ಮದುವೆ ಮಾತು? ಯಾರಾದ್ರೂ ಹುಡುಗ?"

"ಯಾವ್ದೂ ಇಲ್ಲ," ಅಂದಳು ಪಟ್ಟಲಮ್ಮ. "ಕತ್ಲಾಗೋದ್ರೊಳಗೆ ಫೋನ್ ಮಾಡ್ತಾಳೆ. ಮಾಡ್ನಿಲ್ಲ ಅಂದ್ರೆ, ಮಾಡಾಕಾಗ್ನಿಲ್ಲ ಅಂತ್ಲೇ."

ಆ ಮಾತಿಗೆ ಕವಿತ ಕುರ್ಚಿಯಿಂದ ಎದ್ದಳು. ಮಂಡ್ಯ ಜಿಲ್ಲೆಯ ಪೊಲೀಸರಿಗೆ ಯಾರೂ ಹೇಳಿಕೊಡದ ಪಾಠವೊಂದಿದೆ. ಯಾರಾದರೂ ಕಾಣೆಯಾದರೆ ಮೊದಲು ನಾಲೆ ನೋಡು. ಇಲ್ಲಿಗೆ ಬಂದ ಮೇಲೆ ಅವಳು ಹಾಗೆ ಮೂರು ಸಲ ನಾಲೆ ಏರಿಯ ಮೇಲೆ ನಿಂತಿದ್ದಳು. ಮೂರು ಸಲವೂ ಮನೆಯವರು ಅವಳ ಪಕ್ಕದಲ್ಲೇ ನಿಂತಿದ್ದರು.

ಹೆಡ್ ಕಾನ್‌ಸ್ಟೆಬಲ್ ಮಹದೇವುವನ್ನು ಬಾಗಿಲ ಬಳಿಗೆ ಕರೆದು, "ತೂಬುಗಳ ಹತ್ರ ಒಬ್ಬರನ್ನ ಕಳಿಸಿ," ಎಂದು ಪಿಸುಗುಟ್ಟಿದಳು.

"ನೀರಿನ್ ಕಡೆ ಕಳುಸ್ತಿದೀಯಾ ಕಣವ್ವ?" ಹಿಂದಿನಿಂದ ಪಟ್ಟಲಮ್ಮ ಕೇಳಿದಳು. ಕವಿತ ದೂರಿನ ಹಾಳೆ ತೆಗೆದು ಬರೆಯಲು ಕೂತಳು. ಎಂಟು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಫೋನು ಸ್ವಿಚ್ ಆಫ್. ಕೊನೆಯದಾಗಿ ಅದು ಸಿಕ್ಕಿದ್ದು ಮಂಗಳವಾರ ಸಂಜೆ, ಬೆಂಗಳೂರು–ಮೈಸೂರು ರಸ್ತೆಯ ನಿಡಘಟ್ಟದ ಟವರ್‌ಗೆ. ಸುದ್ದಿ ಕೇಳಿದ ಸರ್ಕಲ್ ಇನ್‌ಸ್ಪೆಕ್ಟರ್ ಫೋನಿನಲ್ಲೇ ಹಗುರಾದರು. "ನಿಡಘಟ್ಟ ಅಂದ್ರೆ ಬೆಂಗಳೂರು ದಾರಿ ಕಣಮ್ಮ. ಯಾರ ಜೊತೆಗೋ ಹೋಗಿರ್ತಾಳೆ. ಎರಡು ದಿನ ನೋಡಿ."

ಕವಿತಳಿಗೆ ಹಾಗೇ ಆಗಿರಲಿ ಎಂಬ ಆಸೆ. ಆದರೆ ಅಷ್ಟು ಹೊತ್ತಿಗೆ ಸ್ವರೂಪ್ ಲ್ಯಾಪ್‌ಟಾಪ್ ತೆರೆದಿದ್ದ. ಪರದೆಯ ಮೇಲೆ ಹಸಿರು ಹೊಲಗಳ ನಡುವೆ ಕೆಂಪು ದಾರದಂಥ ಗೆರೆ ಓಡಿತ್ತು.

"ಇದು ಮಂಜು ನಡೆದ ದಾರಿ ಮೇಡಂ. ಕೆಲಸದ ಹೊತ್ತಲ್ಲಿ ಫೋನ್ ಎಲ್ಲಿದೆ ಅಂತ ಆ್ಯಪ್ ತಾನೇ ಬರ್ಕೊಳ್ತಾ ಹೋಗುತ್ತೆ. ಕೊಪ್ಪಲಲ್ಲಿ ನೆಟ್‌ವರ್ಕ್ ಇಲ್ಲ, ಅದಕ್ಕೆ ಎಲ್ಲಾ ಫೋನೊಳಗೇ ಇತ್ತು. ಸಾಯಂಕಾಲ ಮಳವಳ್ಳಿ ಪೇಟೆ ದಾಟೋವಾಗ ನೆಟ್‌ವರ್ಕ್ ಸಿಕ್ಕಿ ಒಟ್ಟಿಗೇ ಸರ್ವರ್‌ಗೆ ಬಂದಿದೆ."

ಕವಿತ ಬಗ್ಗಿ ನೋಡಿದಳು. ಗೆರೆ ಬದುಗಳ ಮೇಲೆ, ತೋಟಗಳ ಒಳಗೆ, ಒಂದು ಬಾವಿಯಿಂದ ಇನ್ನೊಂದಕ್ಕೆ ಸಾವಧಾನವಾಗಿ ಸಾಗಿತ್ತು. ಊರಾಚೆ ಒಂದು ತೆಂಗಿನ ತೋಟದ ಹತ್ತಿರ ಬಂದು ನಿಂತು, ಅಲ್ಲೇ ಗಂಟು ಗಂಟಾಗಿ ಸುತ್ತಿಕೊಂಡಿತ್ತು.

"ಇಲ್ಲಿ ಎಷ್ಟು ಹೊತ್ತು?"

"ಎರಡು ಗಂಟೆ ಮೇಲೆ. ಒಂದು ಬಾವಿಗೆ ಹತ್ತು ನಿಮಿಷ ಸಾಕು ಮೇಡಂ." ಅವನು ಗೆರೆಯನ್ನು ಮುಂದಕ್ಕೆ ಸರಿಸಿದ. "ಆಮೇಲೆ ನೋಡಿ."

ಆಮೇಲಿನ ಗೆರೆ ನಡೆದದ್ದಲ್ಲ. ನೇರವಾಗಿ ರಸ್ತೆ ಹಿಡಿದು ಮಳವಳ್ಳಿ, ಮದ್ದೂರು ದಾಟಿ ನಿಡಘಟ್ಟದಲ್ಲಿ ನಿಂತುಬಿಟ್ಟಿತ್ತು.

"ಫೋನ್ ಗಾಡೀಲಿ ಹೋಗಿದೆ," ಅಂದಳು ಕವಿತ. ಆ ಫೋನಿನ ಜೊತೆ ಹುಡುಗಿ ಹೋದಳೇ ಅನ್ನುವುದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಮಹದೇವು ನಿಡಘಟ್ಟಕ್ಕೆ ಹೊರಟ. ಕವಿತ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಮತ್ತು ಸ್ವರೂಪನನ್ನು ಜೀಪಿಗೆ ಹತ್ತಿಸಿಕೊಂಡು ಹುಣಸೆಕೊಪ್ಪಲಿನ ದಾರಿ ಹಿಡಿದಳು. ಪಟ್ಟಲಮ್ಮ ಠಾಣೆಯ ಬೆಂಚಿನ ಮೇಲೆ ಉಳಿದಳು.

ಕೊಪ್ಪಲು ಸಣ್ಣ ಊರು. ಜೀಪು ನಿಲ್ಲುವುದಕ್ಕೂ ಜನ ಸೇರುವುದಕ್ಕೂ ಸರಿಹೋಯಿತು. ಹುಡುಗಿಯನ್ನು ನೋಡದವರೇ ಇರಲಿಲ್ಲ. ಟೋಪಿ ಹಾಕಿಕೊಂಡು, ಫೋನನ್ನು ಅಂಗೈಯಲ್ಲಿ ತಟ್ಟೆಯ ಹಾಗೆ ಹಿಡಿದು ನಡೆಯುತ್ತಿದ್ದಳಂತೆ. ಊಟದ ಹೊತ್ತಿನ ಮೇಲೆ ಯಾರೂ ಕಂಡಿರಲಿಲ್ಲ.

ಮುಂದೆ ಬಂದು ಮಾತಾಡಿದವನು ನಾಗರಾಜು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಂಡೂರು ಕುರಿ ಸಾಕಿ ಹೆಸರು ಮಾಡಿದವನೆಂದು ಪಕ್ಕದವರು ಹೇಳಿದರು.

"ನಮ್ ತೋಟದ್ ತಾವ್ಲೂ ಬಂದಿತ್ತು ಮೇಡಂ ಆ ಉಡ್ಗಿ. ನೀರು ಕೇಳ್ತು, ಅವ್ವ ಕೊಟ್ರು. ಆಮ್ಯಾಕೆ ಕೆಂಪಸಿದ್ದಯ್ಯನ್ ಗದ್ದೆ ಕಡೀಕ್ ಓಯ್ತು."

ಸ್ವರೂಪ್ ಪರದೆ ನೋಡಿದ. ಗೆರೆ ಗಂಟಾದ ಜಾಗ ಕೆಂಪಸಿದ್ದಯ್ಯನ ಜಮೀನಿನಲ್ಲೇ ಬಿದ್ದಿತ್ತು. ಪಂಪ್‌ಹೌಸಿನ ಮೇಲೆ.

ಕೆಂಪಸಿದ್ದಯ್ಯ ಅರವತ್ತು ದಾಟಿದವನು. ಪೊಲೀಸರನ್ನು ಕಂಡದ್ದೇ ಹೆಗಲ ಟವೆಲ್ಲು ಕೈಗೆ ಬಂತು. ಮನೆಯೊಳಗೆ ಬುದ್ಧನ ಪಟದ ಕೆಳಗೆ ಅವನ ಹೆಂಡತಿ ಮಾಯಮ್ಮ ಗೋಡೆಗೆ ಅಂಟಿಕೊಂಡು ನಿಂತಳು.

"ಪಂಪ್‌ಹೌಸಿನ ಬೀಗದ ಕೈ ಎಲ್ಲಿ?"

"ಕೊಡ್ತೀನಿ ತಾಯಿ. ನಾನೇನೂ..."

"ಹುಡುಗಿ ನಿನ್ನ ಜಮೀನಿಗೆ ಬಂದಿದ್ದಳಾ?"

"ಬೆಳಿಗ್ಗೇನೆ ಬಂದು ಓಯ್ತು. ನಮ್ ಬಾವಿ ಪೋಟ ತಗೀತು."

"ಮಧ್ಯಾಹ್ನ?"

"ಇಲ್ಲ ತಾಯಿ."

"ಸುಳ್ಳು ಹೇಳಬೇಡ. ಫೋನು ಇಲ್ಲೇ ಎರಡು ಗಂಟೆ ಇತ್ತು."

ಹಿಂದೆ ಸೇರಿದ್ದ ಗುಂಪಿನಲ್ಲಿ ಗುಜುಗುಜು ಎದ್ದಿತು. ಯಾರೋ ಒಬ್ಬ, "ಒದ್ರೆ ಬಾಯ್ಬುಡ್ತಾನೆ," ಅಂದ. ಪಂಚರ ಸಮಕ್ಷಮ ಕವಿತ ಪಂಪ್‌ಹೌಸಿನ ಬಾಗಿಲು ತೆರೆಸಿದಳು. ಬಾಗಿಲು ಕಿರುಗುಟ್ಟಿತು. ಒಳಗೆ ಮೋಟಾರು, ಗೊಬ್ಬರದ ಚೀಲ, ಹರಿದ ಪೈಪು. ಬಾವಿಗೆ ಕೊಕ್ಕೆ ಇಳಿಸಿ ತಡಕಿಸಿದಳು. ಕೊಕ್ಕೆ ಮೇಲೆ ಬರುವಷ್ಟು ಹೊತ್ತೂ ಅವಳು ಹಗ್ಗ ನೋಡಲಿಲ್ಲ, ಎದುರಿನ ಕಬ್ಬಿನ ಗದ್ದೆಯನ್ನೇ ನೋಡುತ್ತಿದ್ದಳು. ಪಾಚಿ ಬಂತು, ಅಷ್ಟೆ.

ಹನ್ನೊಂದು ಗಂಟೆಗೆ ಸ್ವರೂಪ್ ಅವಳ ತೋಳು ಮುಟ್ಟಿದ. "ಮೇಡಂ, ತಪ್ಪಾಯ್ತು. ನಾನು ಇದನ್ನ ಮೊದಲೇ ನೋಡಬೇಕಿತ್ತು." ಪರದೆಯಲ್ಲಿ ಆ ಗಂಟಿನ ಸುತ್ತ ಒಂದು ತೆಳು ನೀಲಿ ವೃತ್ತವಿತ್ತು. "ಬಯಲಲ್ಲಾದ್ರೆ ಗುರುತು ಎರಡು ಮೂರು ಮೀಟರ್ ಆಚೀಚೆ ಬೀಳುತ್ತೆ. ತೆಂಗಿನ ಗರಿ ಕೆಳಗೆ, ಶೀಟಿನ ಕೆಳಗೆ ಫೋನಿಗೆ ಉಪಗ್ರಹ ಸರಿಯಾಗಿ ಸಿಗಲ್ಲ. ಇಲ್ಲಿ ನಲವತ್ತು ಮೀಟರ್ ಹೆಚ್ಚುಕಮ್ಮಿ ಅಂತ ಆ್ಯಪ್ ತಾನೇ ಹೇಳ್ತಿದೆ. ಮಂಜು ಈ ವೃತ್ತದೊಳಗೆ ಎಲ್ಲಾದ್ರೂ ಇದ್ದಿರಬಹುದು."

ವೃತ್ತ ಅರ್ಧ ಕೆಂಪಸಿದ್ದಯ್ಯನ ಗದ್ದೆ. ಇನ್ನರ್ಧ ಬೇಲಿಯಾಚೆಯ ತೆಂಗಿನ ತೋಟ.

ಅಷ್ಟರಲ್ಲಿ ವಾಕಿಟಾಕಿ ಗೊರಗುಟ್ಟಿತು. ನಿಡಘಟ್ಟದಿಂದ ಮಹದೇವು. ಹೋಟೆಲೊಂದರ ಮುಂದೆ ಎಂಜಿನ್ ಕೆಟ್ಟು ನಿಂತಿದ್ದ ಎಳನೀರಿನ ಲಾರಿಯಲ್ಲಿ, ಗೊನೆಗಳ ಸಂದಿನಲ್ಲಿ ಫೋನು ಸಿಕ್ಕಿತ್ತು. ಡ್ರೈವರು ಗಾಬರಿಯಿಂದ ಅಳುತ್ತಿದ್ದ. ಅವನು ಎಳನೀರು ತುಂಬಿಕೊಂಡಿದ್ದು ಹುಣಸೆಕೊಪ್ಪಲಿನ ರಸ್ತೆಬದಿಯಲ್ಲಿ. ಹುಡುಗಿಯನ್ನು ಅವನು ಕಂಡೇ ಇರಲಿಲ್ಲ. ಜಪ್ತಿ ಪಂಚನಾಮೆ ಮುಗಿಸಿ, ಫೋನಿಗೆ ಚಾರ್ಜು ಹಾಕಿ, ಸ್ವರೂಪ್ ಹೇಳಿದ ಕಂಪನಿ ಪಾಸ್‌ವರ್ಡ್ ಒತ್ತಿದ್ದೂ ಆಗಿತ್ತು.

"ಆ್ಯಪಲ್ಲಿ ಒಂದು ಬಾವಿ ಎಂಟ್ರಿ ಅರ್ಧಕ್ಕೆ ನಿಂತೋಗದೆ ಮೇಡಂ," ಅಂದ ಮಹದೇವು.

"ಅದು ಪೂರ್ತಿ ಆಗದೆ ಸರ್ವರ್‌ಗೆ ಬರಲ್ಲ," ಅಂದ ಸ್ವರೂಪ್. "ಓದೋಕೆ ಹೇಳಿ."

ಮಹದೇವು ಅಕ್ಷರ ಬಿಡಿಸಿ ಓದಿದ. "ಹಳೆ ನಕ್ಷೆಯಲ್ಲಿ ಬಾವಿ ಇದೆ. ಸ್ಥಳದಲ್ಲಿ ಕುರಿ ಕೊಟ್ಟಿಗೆ. ಅಜ್ಜಿ ಬಾವಿ ಇತ್ತು ಅನ್ನುತ್ತಾರೆ. ಮಗ ಇರಲೇ ಇಲ್ಲ ಅನ್ನುತ್ತಾರೆ. ಮತ್ತೆ ಕೇಳಬೇಕು."

ಕವಿತ ನಿಧಾನಕ್ಕೆ ಕೆಂಪಸಿದ್ದಯ್ಯನ ಕಡೆ ತಿರುಗಿದಳು. ಅವನಿನ್ನೂ ಟವೆಲ್ಲು ಹಿಡಿದೇ ನಿಂತಿದ್ದ.

"ಬೇಲಿಯಾಚೆ ತೋಟ ಯಾರದು?"

"ನಾಗರಾಜಪ್ಪಂದು."

"ಅಲ್ಲಿ ಬಾವಿ ಇತ್ತಾ?"

"ಇತ್ತು ತಾಯಿ, ದೊಡ್ ಬಾವಿ. ಮುಚ್ಬುಟ್ರು."

"ಯಾವಾಗ?"

ಮುದುಕ ನೆನಪಿಸಿಕೊಂಡ. "ಅವ್ರ್ ತಮ್ಮ ಪುಟ್ಟರಾಜು ಜಗಳಾಡ್ಕಂಡು ಬೊಂಬಾಯ್ಗೆ ಓದ್ನಲ್ಲ, ಆ ವರ್ಸ್ವೇ."

ಬಿಸಿಲು ಚುರುಗುಡುತ್ತಿತ್ತು. ಕವಿತ ಬೇಲಿಯ ಕಡೆ ನೋಡಿದಳು. ಊರಿಗೇ ಗೊತ್ತಿರುವ ಬಾವಿಯನ್ನು ಒಬ್ಬ ಇರಲೇ ಇಲ್ಲ ಅಂದದ್ದು ಯಾಕೆ? ಗುಂಪಿನಲ್ಲಿ ಬಿಳಿ ಅಂಗಿಗಾಗಿ ಹುಡುಕಿದಳು. ನಾಗರಾಜು ಇರಲಿಲ್ಲ.

ಬೇಲಿ ದಾಟಿ ಅವರು ತೋಟಕ್ಕೆ ನುಗ್ಗಿದಾಗ ಕೊಟ್ಟಿಗೆಯ ಮುಂದೆ ಮುದುಕಿಯೊಬ್ಬಳು ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಗಿಡ್ಡ ಕಾಲಿನ ದುಂಡು ಬಂಡೂರು ಕುರಿಗಳು ಚಪ್ಪಡಿ ಹಾಸಿದ ನೆಲದ ಮೇಲೆ ಮಲಗಿದ್ದವು. ನಾಗರಾಜುವಿನ ತಾಯಿ, ಮಂಗಳಮ್ಮ.

"ಅಜ್ಜಿ, ಇಲ್ಲಿ ಬಾವಿ ಇತ್ತಂತೆ?"

"ಇತ್ತು ಕಣವ್ವ. ನಮ್ ಮಾವ ತೋಡ್ಸಿದ್ದು. ನೆನ್ನೆ ಬಂದಿದ್ ಉಡ್ಗೀಗೂ ಯೋಳ್ದೆ. ಆ ಮಗ ಎಷ್ಟ್ ಚೆಂದಾಗಿ ಕೇಳ್ತು! ಇದ್ನ ತಗುಸಿ ಮಳೆ ನೀರ್ ಬುಡ್ತಾರಂತಲ್ಲ?"

"ತೆಗೆಸ್ತಾರೆ ಅಂತ ಅವಳು ಹೇಳಿದಾಗ ನಿಮ್ಮ ಮಗ ಇದ್ದನಾ?"

"ಇದ್ದ. ರೇಗ್ಬುಟ್ಟ. ನಂಗೆ ಒಳೀಕ್ ಓಗು ಅಂದ."

"ಆಮೇಲೆ ಹುಡುಗಿ ಎಲ್ಲಿಗೆ ಹೋದಳು?"

"ಓಯ್ತು ಅಂದ." ಮುದುಕಿಯ ಕೈ ಕುರಿಮರಿಯ ತಲೆಯ ಮೇಲೆ ನಿಂತಿತು. ಏನೋ ಹೊಳೆಯಿತೋ ಏನೋ, ಮುಖ ಸಣ್ಣಗಾಯಿತು. "ನೆನ್ನೆಯಿಂದ ಆಲೆಮನೆಗೆ ಬೀಗ ಜಡ್ದವ್ನೆ. ಸೌದೆ ತರಾಕೂ ಬುಡ್ನಿಲ್ಲ ಕಣವ್ವ."

ಆಲೆಮನೆ ತೋಟದ ಕೊನೆಯಲ್ಲಿತ್ತು. ಬೆಲ್ಲ ಕಾಯಿಸುವುದು ನಿಂತು ವರ್ಷಗಳಾಗಿ, ಗರಿಯ ಮಾಡು ಒಂದು ಕಡೆ ಜರಿದಿತ್ತು. ಕವಿತ ಓಡಿದಳು. ಓಡುತ್ತ ಅವಳ ಕಿವಿಯಲ್ಲಿ ಪಟ್ಟಲಮ್ಮನ 'ಮಾಡಾಕಾಗ್ನಿಲ್ಲ ಅಂತ್ಲೇ' ಎಂಬ ಮಾತೇ ತಿರುಗುತ್ತಿತ್ತು. ಇಷ್ಟು ಹೊತ್ತು ತಾನು ಒಬ್ಬ ಮುದುಕನ ಬಾವಿಯಲ್ಲಿ ಪಾಚಿ ತೆಗೆಸುತ್ತ ನಿಂತಿದ್ದೆ. ಅಷ್ಟು ಹೊತ್ತಿನಲ್ಲಿ ಇಲ್ಲಿ ಏನು ಬೇಕಾದರೂ ಆಗಿರಬಹುದು. ಬಾಗಿಲ ಬೀಗ ತೆಗೆದಿತ್ತು.

ಒಳಗೆ ಸುಟ್ಟ ಬೆಲ್ಲದ ಹಳೆಯ ವಾಸನೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ, ಕೊಪ್ಪರಿಗೆ ಕೂರಿಸುತ್ತಿದ್ದ ದೊಡ್ಡ ಒಲೆಯ ಪಕ್ಕ ಬಿಳಿ ಅಂಗಿ ಕಂಡಿತು. ನಾಗರಾಜು ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಕುಡುಗೋಲು.

"ನಾಗರಾಜು. ಕೆಳಗಿಡು."

ಅವನು ತಲೆ ಎತ್ತಲಿಲ್ಲ.

"ಅವಳೆಲ್ಲಿ?"

ಮಹಿಳಾ ಕಾನ್‌ಸ್ಟೆಬಲ್ಲಿನ ಕೈಯಲ್ಲಿದ್ದ ಮೊಬೈಲ್ ವಿಡಿಯೊ ಚಿತ್ರಿಸುತ್ತಿತ್ತು. ಕವಿತ ಲಾಠಿ ಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು. ಒಲೆಯ ಬಾಯಿಗೆ ಒಣ ಕಬ್ಬಿನ ಸಿಪ್ಪೆ ಒತ್ತಿ ತುಂಬಿತ್ತು. ಅದು ಅಲುಗುತ್ತಿರಲಿಲ್ಲ. ಅದನ್ನು ಎಳೆದರೆ ಏನು ಕಾಣುತ್ತದೋ ಎಂದು ಅವಳು ಅಲ್ಲೇ ನಿಂತಳು. ನಾಲೆ ಏರಿಯ ಮೇಲೆ ಕೂಡ ಅವಳಿಗೆ ಇಷ್ಟು ಭಯವಾಗಿರಲಿಲ್ಲ.

"ಬೆಳಿಗ್ಗೆಯಿಂದ ಮೂರ್ ಸಲ ಬಂದೆ," ನಾಗರಾಜು ನೆಲಕ್ಕೆ ಹೇಳುವವನಂತೆ ಹೇಳಿದ. "ಕೈ ಬರ್ನಿಲ್ಲ."

ಕುಡುಗೋಲು ಅವನ ಬೆರಳಿಂದ ಜಾರಿತು. ಕವಿತ ಅದನ್ನು ಬೂಟಿನಿಂದ ದೂರ ಒದ್ದು, ಎರಡೂ ಕೈಯಿಂದ ಸಿಪ್ಪೆ ಎಳೆದಳು. ಒಲೆಗುಂಡಿಯ ಒಳಗೆ, ಬೂದಿಯಲ್ಲಿ, ಕೈಕಾಲು ಕಟ್ಟಿದ ಹುಡುಗಿ ಮುದುರಿ ಬಿದ್ದಿದ್ದಳು. ಹಣೆಯ ಮೇಲೆ ರಕ್ತ ಕರಿಗಟ್ಟಿತ್ತು. ಬಾಯಿಗೆ ತುರುಕಿದ್ದ ಬಟ್ಟೆ ತೆಗೆದಾಗ ಸ್ವರ ಬರಲಿಲ್ಲ. ಕಣ್ಣು ಮಾತ್ರ ತೆರೆಯಿತು. ಕಣ್ಣು ಖಾಕಿಯನ್ನು ನೋಡಿತು, ಆಮೇಲೆ ಕವಿತಳ ಹಿಂದಿದ್ದ ಬಿಳಿ ಅಂಗಿಯನ್ನು ನೋಡಿತು. ಆಗ ಅವಳ ಗಂಟಲಿಂದ ಹೊರಟ ಸದ್ದನ್ನು ಕವಿತ ಅದಕ್ಕೆ ಮೊದಲು ಎಲ್ಲೂ ಕೇಳಿರಲಿಲ್ಲ.

ನಾಗರಾಜುವನ್ನು ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ದಸ್ತಗಿರಿ ಮಾಡಲಾಯಿತು. ಅವನು ಓಡಲಿಲ್ಲ. ಜೀಪಿನಲ್ಲಿ ಕೂರಿಸುವಾಗ, "ಅವ್ವಂಗೆ ಯೋಳ್ಬೇಡಿ," ಅಂದ, ಅಷ್ಟೆ.

ಮಂಜುಶ್ರೀಯನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ಪಟ್ಟಲಮ್ಮ ಮಂಚದ ಪಕ್ಕ ಕೂತು ಮಗಳ ಪಾದಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಡಾಕ್ಟರು ಬಂದರೂ ಬಿಡಲಿಲ್ಲ. ಸಂಜೆ ಹುಡುಗಿ ಹೇಳಿಕೆ ಕೊಟ್ಟಳು. ಮುಚ್ಚಿದ ಬಾವಿಯನ್ನೂ ಬರೆಯಬೇಕು, ಮುಂದಿನ ವಾರ ಯಂತ್ರ ತಂದು ತೆಗೆಸಿ ನೋಡುತ್ತಾರೆ ಎಂದು ಅವಳು ಹೇಳಿದ್ದಳು. ಬರೆಯಬೇಡ ಎಂದು ಅವನು ಮೊದಲು ಕೈ ಮುಗಿದ. ಆಮೇಲೆ ಫೋನು ಕಿತ್ತುಕೊಂಡ. ಅವಳು ಬಿಡಲಿಲ್ಲ. ತಳ್ಳಿದಾಗ ತಲೆ ಚಪ್ಪಡಿಗೆ ಬಡಿಯಿತು.

"ಒಲೆಯೊಳಗೆ ಎಚ್ಚರ ಆದಾಗೆಲ್ಲ ಅವನ ಹೆಜ್ಜೆ ಕೇಳ್ತಿತ್ತು ಮೇಡಂ. ಬರ್ತಿದ್ದ, ನಿಂತ್ಕೊತಿದ್ದ, ಹೋಗ್ತಿದ್ದ. ಪ್ರತಿ ಸಲಾನೂ ಇದೇ ಕೊನೆ ಅಂದ್ಕೊತಿದ್ದೆ." ಅಷ್ಟು ಹೇಳಿ ಅವಳು ಗೋಡೆ ಕಡೆ ಹೊರಳಿದಳು.

ಊರಿಗೆ ವಾಪಸು ಹೋಗಿ ಕವಿತ ಕೆಂಪಸಿದ್ದಯ್ಯನ ಬಾಗಿಲಲ್ಲಿ ನಿಂತಳು. "ನಿಮ್ಮ ಮೇಲೆ ಕೂಗಾಡಿದೆ. ತಪ್ಪು ನಂದು."

ಮಾಯಮ್ಮ ಉತ್ತರ ಕೊಟ್ಟಳು. "ಉಡ್ಗಿ ಸಿಕ್ತಲ್ಲ, ಬುಡವ್ವ." ಮುದುಕ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ.

ಶುಕ್ರವಾರ ಬೆಳಿಗ್ಗೆ ತಹಶೀಲ್ದಾರರ ಸಮಕ್ಷಮ ಕೊಟ್ಟಿಗೆಯ ಚಪ್ಪಡಿ ಎತ್ತಿಸಿದರು. ಕಲ್ಲು, ಕಲ್ಲಿನ ಕೆಳಗೆ ಮಣ್ಣು, ಮತ್ತೆ ಕಲ್ಲು. ಯಂತ್ರದ ಸದ್ದಿಗೆ ಕುರಿಗಳು ಬೇಲಿ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ಪಂಪಿನ ಪೈಪಿನ ತುದಿಗೆ ಹಾಕುವ ಒಂದು ಫುಟ್‌ವಾಲ್ವು, ಸುತ್ತಿಕೊಂಡ ಕರೆಂಟಿನ ವೈರು, ಅದರ ಪಕ್ಕ ಮನುಷ್ಯನ ಮೂಳೆ ಸಿಕ್ಕವು.

ಮಂಗಳಮ್ಮ ಮಾತ್ರ ನಂಬಲಿಲ್ಲ. ಮನೆಯ ಜಗುಲಿಯಿಂದ ಕದಲದೆ ಕವಿತಳಿಗೆ ಹೇಳಿ ಕಳಿಸಿದಳು. "ಅದು ಯಾರ್ದೋ ಏನೋ ಕಣವ್ವ. ನನ್ ಪುಟ್ಟರಾಜು ಬೊಂಬಾಯ್ನಲ್ಲವ್ನೆ. ವರ್ಸ ವರ್ಸ ಯುಗಾದಿ ದಿನ ಫೋನ್ ಮಾಡ್ತಾನೆ. ಮುನಿಸು, ಮಾತಾಡಾಕಿಲ್ಲ. ನಾನೇ ಮಾತಾಡ್ತೀನಿ. ಉಸ್ರಾಡೋದು ಕೇಳ್ತದೆ."

ಸ್ಥಳ ತೋರಿಸಲು ಕರೆತಂದಿದ್ದ ನಾಗರಾಜು ಜೀಪಿನ ಹಿಂಬದಿಯಲ್ಲಿ ಬೇಡಿ ತೊಟ್ಟು ಕೂತಿದ್ದ. ಅವನ ಹೇಳಿಕೆ ಆಗಲೇ ಕಡತದಲ್ಲಿತ್ತು. ಹುಡುಗಿಯ ಫೋನನ್ನು ರಸ್ತೆಬದಿಯ ಎಳನೀರಿನ ಲಾರಿಗೆ ಎಸೆದದ್ದು ತಾನೇ ಅಂದಿದ್ದ. ಪಾಲಿನ ವಿಚಾರಕ್ಕೆ ಅಣ್ಣತಮ್ಮಂದಿರು ಊರೆದುರು ಕೈಕೈ ಮಿಲಾಯಿಸಿದ್ದರು. ಮಾರನೆಯ ದಿನ ತಮ್ಮ ಫುಟ್‌ವಾಲ್ವು ಬಿಚ್ಚಲು ಬಾವಿಗಿಳಿದಿದ್ದ. ಅದು ತಿಳಿಯದೆ ತಾನು ಸ್ಟಾರ್ಟರ್ ಒತ್ತಿದೆ. ವೈರಿನ ಮೈ ಕಿತ್ತಿತ್ತು, ತಮ್ಮನಿಗೆ ಕರೆಂಟು ಹೊಡೆಯಿತು. ಹಿಂದಿನ ದಿನವೇ ಹೊಡೆದಾಡಿದವನ ಮಾತನ್ನು ಯಾರು ನಂಬುತ್ತಾರೆ? ಅದಕ್ಕೇ ಬಾವಿ ಮುಚ್ಚಿಸಿ, ತಮ್ಮ ಬೊಂಬಾಯಿಗೆ ಹೋದ ಅಂದಿದ್ದ. ತಿಳಿಯದೆ ಒತ್ತಿದ್ದು ನಿಜವೋ ಸುಳ್ಳೋ ನ್ಯಾಯಾಲಯ ನೋಡಿಕೊಳ್ಳಬೇಕು. ಕವಿತಳಿಗೆ ಬೇಕಾಗಿದ್ದದ್ದು ಬೇರೆ.

"ಯುಗಾದಿಗೆ ಫೋನ್ ಮಾಡ್ತಿದ್ದವನು ಯಾರು?"

ಅವನು ಜಗುಲಿಯ ಕಡೆ ನೋಡಿದ.

"ನಾನೇ. ಮದ್ದೂರಿಗೆ ಓಗಿ, ಬೇರೆ ಸಿಮ್ಮಿಂದ."

"ಯಾಕೆ?"

"ಮೊದಲ್ನೇ ಯುಗಾದೀಲಿ ಅವ್ವ ಒಬ್ಬಟ್ಟು ಮುಟ್ನಿಲ್ಲ. ಮೂರ್ ದಿನ ಅನ್ನ ಮುಟ್ನಿಲ್ಲ. ಫೋನ್ ಬಂದ್ ಮ್ಯಾಕೆ ಉಂಡ್ಲು. ಆಮ್ಯಾಕೆ ನಿಲ್ಸಾಕಾಗ್ನಿಲ್ಲ."

"ಏನು ಮಾತಾಡ್ತಿದ್ರು?"

"ಅಣ್ಣನ್ ಮ್ಯಾಲೆ ಸಿಟ್ಟು ಇಟ್ಕೋಬ್ಯಾಡ ಕಣಪ್ಪ, ಅವ್ನು ಒಳ್ಳೇವ್ನು, ನನ್ನ ಚೆಂದಾಗಿ ನೋಡ್ಕತಾನೆ ಅಂತಿದ್ಲು."

ಪೊಲೀಸ್ ಕಸ್ಟಡಿಯ ಗಡುವು ಮುಗಿಯುವುದರಿಂದ ಮೂರು ಗಂಟೆಗೆ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ಮಹದೇವು ಜೀಪು ಹೊರಡಿಸಿದ. ಕವಿತ ಅಲ್ಲೇ ಉಳಿದಳು. ಬಾವಿಯ ಪಕ್ಕ ಬಿಳಿ ಬಟ್ಟೆ ಹೊದಿಸಿದ್ದನ್ನು ಬಳಸಿಕೊಂಡು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಜಗುಲಿಯ ಕಡೆ ನಡೆದಳು. ಎಲ್ಲಿಂದ ಶುರು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮಂಗಳಮ್ಮ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು. "ಬಾ ಕಣವ್ವ, ಕೂತ್ಕೊ."